ಕೊಕ್ಕೆಯ ಸುತ್ತ ಬಿಟ್ಟ ಜಾಗ

ಮೊಮ್ಮಗಳು ಹುಟ್ಟಿದ ಸುದ್ದಿ ಬಂದಾಗ ನಾನು ಇಂದಿರಾಪುರಂನ ನಮ್ಮ ಸೊಸೈಟಿಯ ಗೇಟಿನ ಹತ್ತಿರ ಹಾಲಿನ ಬೂತಿನ ಮುಂದೆ ಸಾಲಿನಲ್ಲಿ ನಿಂತಿದ್ದೆ. ಮಗಳ ಮದುವೆಯಾಗಿ ಹನ್ನೊಂದು ವರ್ಷ ಆಗಿತ್ತು. ಫೋನಿನಲ್ಲಿ ಅಳಿಯ, "ಮಾವ, ಬೇಟೀ ಹುಯೀ ಹೈ, ಹೆಣ್ಣು ಮಗು, ಇಬ್ರೂ ಚೆನ್ನಾಗಿದಾರೆ" ಎಂದ. ದೆಹಲಿಯಲ್ಲೇ ಹುಟ್ಟಿ ಬೆಳೆದ ಹುಡುಗ, ಖುಷಿಯಾದರೆ ಅವನ ಕನ್ನಡಕ್ಕೆ ಹಿಂದಿ ನುಗ್ಗುತ್ತದೆ. ಬೂತಿನ ಭಯ್ಯಾನಿಗೆ ಹೇಳಿದೆ, ಹಿಂದೆ ನಿಂತವರಿಗೆ ಹೇಳಿದೆ, ಲಿಫ್ಟಿನಲ್ಲಿ ಗುರುತೇ ಇಲ್ಲದ ಹೆಂಗಸಿಗೂ ಹೇಳಿದೆ. ಏಳನೇ ಮಹಡಿ ಬರುವ ಹೊತ್ತಿಗೆ ಆಕೆಯೂ ಶಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಮನೆಗೆ ಬಂದು ಚೀಲ ನೋಡಿದರೆ ಹಾಲೇ ತಂದಿರಲಿಲ್ಲ.

ಆ ಸಂತೋಷದಲ್ಲೇ ನಾನು ಬಾಯಿ ಬಿಟ್ಟದ್ದು.

ನಾನೂ ನನ್ನಾಕೆಯೂ ಮಗಳ ಮನೆಯಲ್ಲಿದ್ದೇವೆ. ಮನೆಯ ಚಿಕ್ಕ ಕೋಣೆಯಲ್ಲಿ ಇಷ್ಟು ವರ್ಷ ಸೂಟ್‌ಕೇಸು, ಹಳೆ ಕೂಲರು ತುಂಬಿದ್ದವು. ಮಗು ಬಂದರೆ ಆ ಕೋಣೆ ಅದಕ್ಕೆ, ಅದರ ಸೀಲಿಂಗಿಗೆ ಮೋಡದ ಹಾಗೆ ಉಬ್ಬು ಚಿತ್ತಾರ ಮಾಡಿಸಬೇಕು ಎಂದು ಮಗಳಿಗೆ ಆಸೆ. ಫೋನಿನಲ್ಲಿ ಎಲ್ಲೋ ನೋಡಿ ಫೋಟೋ ಇಟ್ಟುಕೊಂಡಿದ್ದಳು. ಮಾತಾಡಿಸಿಟ್ಟಿದ್ದ ಪೇಂಟರ್ ಕೈಕೊಟ್ಟಿದ್ದ. ಆಸ್ಪತ್ರೆಯಿಂದ ಅವಳು ಮೆಲ್ಲಗಿನ ದನಿಯಲ್ಲಿ, "ಹೋಗ್ಲಿ ಬಿಡಪ್ಪ, ಬೇಸಿಗೇಲಿ ಮಾಡ್ಸೋಣ" ಎಂದಳು.

"ಬೇಸಿಗೆ ಯಾಕೆ? ನಾನಿಲ್ವಾ? ನಾನೇ ಮಾಡ್ತೀನಿ. ತೊಟ್ಟಿಲಿಗೆ ಹಾಕೋ ದಿನಕ್ಕೆ ರೆಡಿ ಇರುತ್ತೆ" ಎಂದುಬಿಟ್ಟೆ.

ಫೋನ್ ಇಟ್ಟ ಮೇಲೆ ಚಿಕ್ಕ ಕೋಣೆಗೆ ಹೋಗಿ ಮೇಲೆ ನೋಡಿದೆ. ನಾನು ಸರ್ಕಾರಿ ಕ್ವಾರ್ಟರ್ಸ್‌ಗಳ ದುರಸ್ತಿ ಕೆಲಸದಲ್ಲಿದ್ದವನು. ಗೋಡೆ ಎಷ್ಟು ಬೇಕಾದರೂ ಕೊಡಿ. ಆದರೆ ಛಾವಣಿ ಮುಟ್ಟಿ ನಲವತ್ತು ವರ್ಷದ ಮೇಲಾಗಿತ್ತು. ಡ್ಯೂಟಿ ಹಂಚುವಾಗ ಛಾವಣಿ ನನ್ನ ಪಾಲಿಗೆ ಬಂದರೆ ಜೊತೆಯವರೊಂದಿಗೆ ಅದಲುಬದಲು ಮಾಡಿಕೊಳ್ಳುತ್ತಿದ್ದೆ. ಕತ್ತು ನೋವು ಎನ್ನುತ್ತಿದ್ದೆ. ನನ್ನ ಕತ್ತಿಗೆ ಏನೂ ಆಗಿರಲಿಲ್ಲ.

ನಮ್ಮಲ್ಲಿ ಪುರುಡು ಕಳೆದು ಹನ್ನೆರಡನೆಯ ದಿನ ಮಗುವನ್ನು ತೊಟ್ಟಿಲಿಗೆ ಹಾಕುತ್ತೇವೆ. ಅಲ್ಲಿಯವರೆಗೆ ಧೂಳು ಬೇಡವೆಂದು ಬಾಣಂತಿಯನ್ನೂ ಮಗುವನ್ನೂ ಆಸ್ಪತ್ರೆಯಿಂದ ಕರೋಲ್ ಬಾಗ್‌ಗೆ, ಬೀಗರ ಮನೆಗೆ ಕರೆದೊಯ್ಯುವುದೆಂದು ತೀರ್ಮಾನವಾಯಿತು. ನನಗೆ ಸಿಕ್ಕಿದ್ದು ಹನ್ನೊಂದು ದಿನ. ಚಳಿಗಾಲ, ಹೊರಗೆ ಹೊಗೆಮಂಜು, ಬಣ್ಣಕ್ಕೆ ಮೊದಲು ನುಣುಪಿಗೆಂದು ಮೆತ್ತುವ ಪುಟ್ಟಿ ಒಣಗದ ಕಾಲ. ಅದರ ಮೇಲೆ ಇನ್ನೊಂದು: ತೊಟ್ಟಿಲು ಸ್ಟ್ಯಾಂಡಿನ ಮೇಲೆ ಬೇಡ, ತೂಗುಹಾಕಬೇಕು ಎಂದು ನನ್ನಾಕೆಯ ಹಟ. ಫ್ಲ್ಯಾಟಿನಲ್ಲಿ ತೊಲೆ ಎಲ್ಲಿಂದ ಬರಬೇಕು? ಚಳಿಗೆ ಫ್ಯಾನ್ ಬೇಕಿಲ್ಲ, ಅದನ್ನು ಬಿಚ್ಚಿ ಅದರ ಕೊಕ್ಕೆಗೇ ಸರಪಳಿ ಹಾಕುವುದು. ಕೊಕ್ಕೆ ಕಾಂಕ್ರೀಟಿನೊಳಗಿನ ಕಂಬಿಗೇ ಬೆಸೆದದ್ದು, ಆನೆ ಕಟ್ಟಿದರೂ ಜಗ್ಗುವುದಿಲ್ಲ. ಆದರೆ ನಾನು ಮೆತ್ತುವುದೆಲ್ಲ ಮಗುವಿನ ಮುಖದ ನೇರಕ್ಕೆ ಬರುತ್ತದೆ ಎಂಬುದು ಆಗಲೇ ಹೊಳೆದಿತ್ತು.

ಮಗುವಿಗೆ ಎರಡು ದಿನವಾದಾಗ ಕೆರೆಯಲು ಶುರು ಮಾಡಿದೆ. ಎರಡು ಎತ್ತರದ ಸ್ಟೂಲು ಇಟ್ಟು ಮೇಲೊಂದು ಹಲಗೆ ಹಾಕಿಕೊಂಡರೆ ಅದಕ್ಕೆ ಇಲ್ಲಿ ಘೋಡಿ ಎನ್ನುತ್ತಾರೆ, ಕುದುರೆ. ಆ ಕುದುರೆ ಹತ್ತಿ ಕೆರೆಯುವ ತಗಡಿನ ಪಟ್ಟಿಯಿಂದ ಎರಡು ಸಲ ಎಳೆದೆನೋ ಇಲ್ಲವೋ, ಬಾಗಿಲಲ್ಲಿ ಸೆಕ್ಯೂರಿಟಿ ಗಾರ್ಡ್.

"ಅಂಕಲ್‌ಜೀ, ಧೂಲ್ ಕಾ ಕಾಮ್ ಬಂದ್ ಹೈ. ನೋಟಿಸ್ ನಹೀಂ ದೇಖಾ?"

ಹೊಗೆಮಂಜಿನ ದಿನಗಳಲ್ಲಿ ಧೂಳೆಬ್ಬಿಸುವ ಕೆಲಸ ಮಾಡಬಾರದೆಂದು ಲಿಫ್ಟಿನ ಪಕ್ಕ ಕಾಗದ ಅಂಟಿಸಿದ್ದರು. ನಾನು ಅವನನ್ನು ಒಳಗೆ ಕರೆದು, ಬಕೆಟ್ಟು, ಸ್ಪಂಜು ತೋರಿಸಿದೆ. ನೆನೆಸಿ ಕೆರೆಯುತ್ತೇನೆ, ಒಂದು ಚಿಟಿಕೆ ಧೂಳೂ ಹಾರುವುದಿಲ್ಲ, ಮೊಮ್ಮಗಳು ಬರುತ್ತಿದ್ದಾಳೆ ಎಂದೆ. ನನ್ನಾಕೆ ತಟ್ಟೆಯಲ್ಲಿ ಎರಡು ಲಾಡು ತಂದಿಟ್ಟಳು. ಅವನು ಒಂದು ತಿಂದ, ಒಂದು ಜೇಬಿಗೆ ಹಾಕಿಕೊಂಡ. "ನಾತಿನ್ ಹುಯೀ ಹೈ ತೋ ಅಲಗ್ ಬಾತ್ ಹೈ" ಎಂದ, ಮೊಮ್ಮಗಳಾದರೆ ಮಾತೇ ಬೇರೆ ಎಂದು, ಹೋದ.

ನೆನೆಸಿ ಕೆರೆಯುವುದು ನಿಧಾನದ ಕೆಲಸ. ಹಿಂದೆ ಇದ್ದವರು ಮೂರು ಸಲ ಸುಣ್ಣದಂಥ ಅಗ್ಗದ ಡಿಸ್ಟೆಂಪರ್ ಬಳಿಸಿದ್ದರು. ಮೇಲೆ ಬಿಳಿ, ಅದರಡಿ ಎಳೆ ಹಸಿರು, ಅದರಡಿ ಮತ್ತೆ ಬಿಳಿ. ಅದರ ಮೇಲೆ ಏನು ಮೆತ್ತಿದರೂ ಹಿಟ್ಟಿನ ಮೇಲೆ ರೊಟ್ಟಿ ಇಟ್ಟ ಹಾಗೆ, ಹಿಡಿಯುವುದಿಲ್ಲ. ಸ್ಪಂಜಿನಿಂದ ನೆನೆಸು, ಹತ್ತು ನಿಮಿಷ ಕಾಯಿ, ಪಟ್ಟಿಯಿಂದ ಎಳೆ. ಬಿಳಿ ನೀರು ತೋಳಿನಲ್ಲಿ ಇಳಿದು ಬಗಲಿಗೆ ಹೋಗುತ್ತದೆ. ಕೊನೆಗೆ ಅಂಗೈಯಿಂದ ಛಾವಣಿ ಉಜ್ಜಿ ಕರಿ ಬಟ್ಟೆಯ ಮೇಲೆ ಒತ್ತಿ ನೋಡಬೇಕು. ಬಟ್ಟೆಯ ಮೇಲೆ ಕೈ ಮೂಡಬಾರದು. ನನ್ನ ಕೈ ಮೂಡದೆ ಹೋದದ್ದು ಸಂಜೆಯ ಹೊತ್ತಿಗೆ.

ಮಾರನೆಯ ದಿನ ಬಡಿದು ನೋಡುವುದು. ಉಳಿಯ ಹಿಂಬದಿಯಿಂದ ಗೇಣಿಗೊಂದು ಸಲ ಮೆಲ್ಲಗೆ ಬಡಿಯುತ್ತ ಹೋಗಬೇಕು. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ. ಬಿಟ್ಟುಕೊಂಡಿದ್ದಲ್ಲಿ ಡಬ್ ಎನ್ನುತ್ತದೆ. ಇಷ್ಟೇ ವಿದ್ಯೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೂ ಬರುತ್ತದೆ. ಕಿಟಕಿಯ ಮೂಲೆಯಲ್ಲಿ ಮೊದಲ ಡಬ್ ಕೇಳಿದಾಗ ನಾನು ಘೋಡಿಯಿಂದ ಇಳಿದು ನೆಲದ ಮೇಲೆ ಕೂತುಬಿಟ್ಟೆ.

ಆ ಶಬ್ದವನ್ನು ನಾನು ಮೊದಲು ಕೇಳಿದ ಮನೆಯ ಕತೆ ಇಲ್ಲಿ ಹೇಳಬೇಕು.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಮಳೆಗಾಲ ಮುಗಿದಿತ್ತು. ಸರ್ಕಾರಿ ಕ್ವಾರ್ಟರ್ಸ್‌ನ ಎರಡನೆಯ ಮಹಡಿಯಲ್ಲಿ ನಮ್ಮ ಕಡೆಯ ಗುಮಾಸ್ತರೊಬ್ಬರ ಮನೆ, ಛಾವಣಿಯ ಗಾರೆ ನೀರು ಕುಡಿದು ಉಬ್ಬಿತ್ತು. ಕನ್ನಡದವರ ಮನೆ ಎಂದು ನನ್ನನ್ನೇ ಕಳಿಸಿದರು. ಆ ಮನೆಯ ತಾಯಿ ಹಸಿ ಬಾಣಂತಿ, ತಲೆಗೆ ಬಟ್ಟೆ ಕಟ್ಟಿಕೊಂಡು ಒಳಕೋಣೆಯ ಬಾಗಿಲಲ್ಲಿ ನಿಂತು ಮಾತಾಡಿಸಿದರು. ಅವರ ಅತ್ತೆ ನನಗೆ ಒಗ್ಗರಣೆ ಅವಲಕ್ಕಿ ಕೊಟ್ಟರು. ಮನೆ ಬಿಟ್ಟು ಬಂದ ಮೇಲೆ ಅಂಥ ಅವಲಕ್ಕಿ ತಿಂದಿರಲಿಲ್ಲ. ಮಾರನೆಯ ದಿನ ತೊಟ್ಟಿಲಿಗೆ ಹಾಕುವ ಶಾಸ್ತ್ರ. ಅಡಿಗೆಮನೆಯ ಮೂಲೆಯಲ್ಲಿ ಒರಳಿನ ಗುಂಡುಕಲ್ಲನ್ನು ತೊಳೆದು ಹೊಸ ಬಟ್ಟೆ ಸುತ್ತಿ ಇಟ್ಟಿದ್ದರು. ಮಗುವಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ ತೂಗುವುದು ನಮ್ಮ ಪದ್ಧತಿ. ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಎಂದು.

ಉಬ್ಬಿದ್ದಷ್ಟನ್ನು ಉದುರಿಸಿದೆ. ಪಕ್ಕದಲ್ಲಿ, ಫ್ಯಾನಿನ ಕೊಕ್ಕೆಯ ಹತ್ತಿರ ಒಂದು ಮೊರದಗಲ ಜಾಗ ಡಬ್ ಎಂದಿತು. ಅದನ್ನೂ ಒಡೆಯಬೇಕು ಎಂದು ನಮ್ಮ ಮಿಸ್ತ್ರಿಗೆ ಹೇಳಿದೆ. ಅವನು ಕೆಳಗಿನಿಂದಲೇ ನೋಡಿ, "ಇನ್ನೂ ಮೂರು ಮನೆ ಇದೆ. ಚಲೋ, ಲೀಪ್ ದೋ" ಎಂದ. ಮೇಲೆ ಮೆತ್ತಿಬಿಡು ಎಂದರ್ಥ. ಮೆತ್ತಿದೆ. ಕರಣೆಯಿಂದ ಎಷ್ಟು ನುಣುಪು ಮಾಡಿದೆನೆಂದರೆ ಮಿಸ್ತ್ರಿಯೇ ಶಭಾಷ್ ಎಂದ. ಇಳಿದು ಕೈ ತೊಳೆಯುವಾಗ ಆ ತಾಯಿ ಕೇಳಿದರು, "ಗಟ್ಟಿ ಇದೆಯಾ ಅಪ್ಪ?"

"ಗಟ್ಟಿ ಇದೆ ತಾಯಿ" ಎಂದೆ.

ಮೂರು ವಾರದ ಮೇಲೆ ಸ್ಟೋರಿನಲ್ಲಿ ಸಿಮೆಂಟ್ ಚೀಲ ಎತ್ತುವಾಗ ಯಾರೋ ಯಾರಿಗೋ ಹೇಳಿದ್ದು ಕಿವಿಗೆ ಬಿತ್ತು. ಆ ಬ್ಲಾಕಿನಲ್ಲಿ ಛಾವಣಿ ಕಳಚಿ ಬಿದ್ದಿದೆ, ಪಾಲ್ನೇ ಕೇ ಊಪರ್. ತೊಟ್ಟಿಲಿನ ಮೇಲೆ. ತೊಟ್ಟಿಲಲ್ಲಿ ಮಗು ಇತ್ತೇ ಎಂದು ಕೇಳಲು ನನಗೆ ಒಂದು ನಿಮಿಷ ಸಾಕಿತ್ತು. ಕೇಳಲಿಲ್ಲ. ಚೀಲ ಹೊತ್ತು ಹೊರಗೆ ಹೋದೆ. ಆ ಬ್ಲಾಕಿನ ರಸ್ತೆ ಬಿಟ್ಟು ಸುತ್ತುದಾರಿ ಹಿಡಿದೆ. ವರ್ಷದ ಮೇಲೆ ಧೈರ್ಯ ಮಾಡಿ ಹೋದರೆ ಆ ಮನೆಯಲ್ಲಿ ಬೇರೆಯವರಿದ್ದರು. ಹಿಂದಿನವರಿಗೆ ವರ್ಗವಾಗಿದೆ, ಎಲ್ಲಿಗೋ ತಿಳಿಯದು ಎಂದರು.

ಇದನ್ನು ಹೆಂಡತಿಗೂ ಹೇಳಿರಲಿಲ್ಲ.

ಕಿಟಕಿಯ ಮೂಲೆಯನ್ನು ಒಡೆದೆ. ಬಾಗಿಲ ಮೇಲೆ ಇನ್ನೊಂದು ಕಡೆ ಸಿಕ್ಕಿತು, ಅದನ್ನೂ ಒಡೆದೆ. ಕೊಕ್ಕೆಯ ಸುತ್ತ ಇಂಚು ಇಂಚೂ ಬಡಿದೆ. ಹದಿನೈದು ಸಲ, ಇಪ್ಪತ್ತು ಸಲ. ಎಲ್ಲ ಟಣ್. ಕೆಳಗಿನಿಂದ ನನ್ನಾಕೆ, "ದೇವಸ್ಥಾನದ ಗಂಟೆ ಏನ್ರೀ ಅದು, ಸಾಕು ಇಳೀರಿ" ಎಂದಳು. ಒಡೆದ ಜಾಗಕ್ಕೆ ಅಂಟುದ್ರಾವಣ ಹಚ್ಚಿ ಗಾರೆ ತುಂಬಿದೆ. ನಾಲ್ಕನೆಯ ದಿನ ಪೂರ್ತಿ ಪ್ರೈಮರ್ ಬಳಿದೆ.

ಐದನೆಯ ದಿನ ಪ್ರೈಮರ್ ಒಣಗಲು ಬಿಟ್ಟು ವೈಶಾಲಿಯಿಂದ ಮೆಟ್ರೋ ಹತ್ತಿ ಕರೋಲ್ ಬಾಗ್‌ಗೆ ಹೋದೆ. ಅಷ್ಟು ದಿನ ನನ್ನಾಕೆ ಹೋಗಿಬರುತ್ತಿದ್ದಳು, ಅವತ್ತು ನನ್ನ ಸರದಿ, ಅವಳು ಮನೆಯಲ್ಲಿ. ಮೊಮ್ಮಗಳನ್ನು ಎತ್ತಿಕೊಂಡೆ. ನನ್ನ ಬೆರಳ ಸಂದಿನಲ್ಲಿ ಇನ್ನೂ ಬಿಳಿ ಇತ್ತು. ಬೀಗಿತ್ತಿ ಎರಡು ಸಲ ಕೈ ತೊಳೆಸಿದರು. ಆ ಮಗು ನನ್ನ ತೋರುಬೆರಳು ಹಿಡಿದುಕೊಂಡಿತು. ಏನು ಹೇಳಲಿ, ಒಂದು ಕಾಳಿನಷ್ಟು ಉಗುರು, ಅದಕ್ಕೂ ಒಂದು ಅಂಚು, ಅದಕ್ಕೂ ಒಂದು ಹೊಳಪು. ಎಷ್ಟು ನುರಿತ ಕೈಯವನೂ ಅಂಥ ಫಿನಿಶಿಂಗ್ ಕೊಡಲಾರ. ನಾನು ನಗುತ್ತಿದ್ದೆ, ಕಣ್ಣಲ್ಲಿ ನೀರೂ ಬರುತ್ತಿತ್ತು. ಮಗಳು, "ಅಪ್ಪ, ಅವಳ ಮೇಲೆ ಸುರಿಸಬೇಡ" ಎಂದಳು. ಮಗುವಿನ ನೆತ್ತಿ ನೋಡಿದೆ. ಅಲ್ಲಿ ಮೂಳೆ ಕೂಡಿರುವುದಿಲ್ಲ, ಚರ್ಮದಡಿ ಮೆತ್ತಗೆ ಬಡಿದುಕೊಳ್ಳುತ್ತಿರುತ್ತದೆ. ಅದನ್ನು ನೋಡುತ್ತಿದ್ದ ಹಾಗೆ ನನ್ನ ಕಿವಿಯಲ್ಲಿ ಡಬ್ ಎಂದಿತು. ಮಗುವನ್ನು ಮಗಳ ಕೈಗೆ ಕೊಟ್ಟು ಹೊರಟುಬಿಟ್ಟೆ.

ಆರನೆಯ ದಿನ ಬೆಳಗ್ಗೆ ಘೋಡಿ ಹತ್ತಿದಾಗ ಕೊಕ್ಕೆಯ ಸುತ್ತ ಒಂದು ತಟ್ಟೆಯಗಲ ಜಾಗ ಸ್ವಲ್ಪ ಮಬ್ಬಾಗಿ, ಒದ್ದೆಯಿದ್ದ ಹಾಗೆ ಕಂಡಿತು. ಹೊರಗೆ ಮಂಜು, ಕಿಟಕಿಯಲ್ಲಿ ಬೆಳಕೇ ಇರಲಿಲ್ಲ. ಪ್ರೈಮರ್ ಒಣಗಿಲ್ಲ ಎಂದುಕೊಂಡೆ. ಮಧ್ಯಾಹ್ನದವರೆಗೆ ಕಾದೆ. ಹಾಗೇ ಇತ್ತು. ಅಳಿಯ ರೂಮ್ ಹೀಟರ್ ತಂದು, "ಮಾವ, ಇದನ್ನ ಲಗಾ ದೂಂ? ಬೇಗ ಸೂಖ್ ಜಾಯೇಗಾ" ಎಂದ. ಬೇಡವೆಂದೆ, ಬಿಸಿಗೆ ಬಿರುಕು ಬಿಡುತ್ತದೆ. ಇನ್ನೂ ಕಾಯಬೇಕಿತ್ತು. ಮುಟ್ಟಿ ನೋಡಬೇಕಿತ್ತು. ಆದರೆ ಐದೇ ದಿನ ಉಳಿದಿತ್ತು. ಬೆರಳಿಗೆ ಕೈಗವಸು ಇತ್ತು. ಪುಟ್ಟಿಯ ಮೊದಲ ಪದರ ಎಳೆದೆ.

ಏಳನೆಯ ದಿನ ಎರಡನೆಯ ಪದರ. ಎಂಟನೆಯ ದಿನ ಚಿತ್ತಾರ.

ಈ ಕೆಲಸ ನಾನು ಅಧಿಕಾರಿಗಳ ಬಂಗಲೆಗಳ ಗೋಡೆಗೆ ಎಷ್ಟೋ ಸಲ ಮಾಡಿದ್ದೆ. ಅಂಗಡಿಯಲ್ಲಿ ಇದಕ್ಕೆಂದೇ ರೋಲರ್ ಸಿಗುತ್ತದೆ, ನನಗೆ ಅದು ಸೇರುವುದಿಲ್ಲ, ಎಲ್ಲ ಒಂದೇ ಅಚ್ಚಿನ ಹಾಗೆ ಬರುತ್ತದೆ. ನನ್ನದು ಒಣಗಿದ ತುಪ್ಪದ ಹೀರೆಕಾಯಿಯ ನಾರು, ಸ್ನಾನಕ್ಕೆ ಮೈ ಉಜ್ಜುತ್ತೇವಲ್ಲ, ಅದೇ. ನೀರಲ್ಲಿ ನೆನೆಸಿ ಹಿಂಡಿ, ಅಡ್ಡ ಕೊಯ್ದು ಮುಷ್ಟಿಯಲ್ಲಿ ಹಿಡಿಯಬೇಕು. ಟೆಕ್ಸ್ಚರ್ ಪೇಸ್ಟನ್ನು ದೋಸೆ ಹಿಟ್ಟಿಗಿಂತ ಗಟ್ಟಿ, ಇಡ್ಲಿ ಹಿಟ್ಟಿಗಿಂತಲೂ ತುಸು ಗಟ್ಟಿ ಕಲಸಿ, ಕರಣೆಯಿಂದ ಎರಡು ಅಡಿ ಜಾಗಕ್ಕೆ ತೆಳ್ಳಗೆ ಹರಡಿ, ನಾರಿನಿಂದ ಒತ್ತಿ, ಮಣಿಕಟ್ಟು ಕಾಲುಸುತ್ತು ತಿರುಗಿಸಿ, ನೇರ ಕೆಳಕ್ಕೆ ಎಳೆಯಬೇಕು. ತಿರುಗಿಸದೆ ಎಳೆದರೆ ಮುಳ್ಳು ಏಳುತ್ತದೆ. ಜಾಸ್ತಿ ತಿರುಗಿಸಿದರೆ ಕಲಸಿಹೋಗುತ್ತದೆ. ಒತ್ತು, ತಿರುಗಿಸು, ಎಳೆ. ಗೋಡೆಯಾದರೆ ನಾವು ಅದನ್ನು ನೋಡುತ್ತೇವೆ. ಛಾವಣಿ ನಮ್ಮನ್ನು ನೋಡುತ್ತಿರುತ್ತದೆ, ಪೇಸ್ಟು ಕಣ್ಣಿಗೇ ಬೀಳುತ್ತದೆ. ಈಜುವ ಕನ್ನಡಕ ಹಾಕಿಕೊಂಡಿದ್ದೆ, ಅಳಿಯನದು.

ಗೋಡೆಯ ಕಡೆಯಿಂದ ಸುರುಳಿಯಾಗಿ ಒಳಕ್ಕೆ ಬಂದೆ, ಕೊನೆಗೆ ಕೊಕ್ಕೆ. ಕೆಳಗಿಳಿದು ನೋಡಿದರೆ, ಹೇಳಿಕೊಳ್ಳಬಾರದು, ಬೆಳಗಿನ ಹೊತ್ತು ಮೋಡ ಕದಡಿದ ಹಾಗೆ ಬಂದಿತ್ತು. ಅಳಿಯ ಫೋಟೋ ತೆಗೆದು ಮಗಳಿಗೆ ಕಳಿಸಿದ. ಅವಳು ಬರೆದು ಕಳಿಸಿದ್ದನ್ನು ಅವನೇ ಓದಿ ಹೇಳಿದ, "ಅಪ್ಪ ಈಸ್ ಎ ಜಾದೂಗಾರ್ ಅಂತೆ." ನನ್ನಾಕೆ ನೀರು ಕಾಯಿಸಿ ತಂದು ನನ್ನ ಕತ್ತಿಗೆ ಶಾಖ ಕೊಟ್ಟಳು. ಅವತ್ತು ಕತ್ತು ನಿಜವಾಗಿ ನೋಯುತ್ತಿತ್ತು.

ಹತ್ತನೆಯ ದಿನದ ಬೆಳಗ್ಗೆ ಮೇಲ್ಪದರ ಒಣಗಿತ್ತು. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತ ಹೋದೆ. ಕೊಕ್ಕೆಯ ಹತ್ತಿರ ಡಬ್ ಎಂದಿತು.

ಇದು ನನ್ನ ತಲೆಯೊಳಗಿನ ಶಬ್ದ ಎಂದುಕೊಂಡೆ. ಕೆಳಗಿಳಿದು ನೀರು ಕುಡಿದು ಉಳಿ ಹಿಡಿದು ಮತ್ತೆ ಹತ್ತಿದೆ. ಡಬ್. ಅಳಿಯನನ್ನು ಕರೆದೆ. ಅವನು ಹತ್ತಿ ಕಿವಿಯಿಟ್ಟು, "ಮುಝೇ ತೋ ಎಲ್ಲ ಸೇಮ್ ಕೇಳಿಸ್ತಿದೆ ಮಾವ" ಎಂದ. ನನ್ನಾಕೆಯನ್ನು ಕೇಳಿದೆ. ಕೆಳಗಿನಿಂದ ಅವಳು, "ಏನೂ ಇಲ್ಲ ರೀ, ನಿಮಗೆ ಆಯಾಸ ಆಗಿದೆ. ನಾಡಿದ್ದು ಮಗು ಬರುತ್ತೆ, ಈಗ ಅದನ್ನ ಕೆದಕಬೇಡಿ" ಎಂದಳು.

ಅಳಿಯನೂ, "ಅಷ್ಟು ಚೆನ್ನಾಗಿ ಬಂದಿದೆ. ಛೋಡಿಯೇ ನ, ಬಿಟ್ಬಿಡಿ" ಎಂದ.

ಘೋಡಿಯ ಮೇಲೆ ನಿಂತೇ ಇದ್ದೆ. ಅವರು ಹೇಳಿದ್ದು ಸರಿ ಎಂದೇ ಅನಿಸುತ್ತಿತ್ತು. ಎರಡು ಮಿಲಿಮೀಟರ್ ಪುಟ್ಟಿ, ಅದರ ಮೇಲೆ ಅಷ್ಟೇ ಪೇಸ್ಟು, ಬಿದ್ದರೂ ಹಪ್ಪಳದಷ್ಟು. ಹಳೆಯ ಗಾರೆಯ ಹಾಗೆ ಗಟ್ಟಿ ಹೆಂಟೆಯಲ್ಲ. ಬೀಳದೆಯೂ ಇರಬಹುದು. ಬಿದ್ದಾಗ ಮಗು ಅಲ್ಲಿರದೆಯೂ ಇರಬಹುದು. ಇಷ್ಟು ದೂರ ಯೋಚನೆ ಬಂದಾಗ ಗೊತ್ತಾಯಿತು, ಇದೇ ಲೆಕ್ಕವನ್ನು ನಾನು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಹಾಕಿದ್ದೆ. ಆ ದಿನ ನನ್ನ ಕೈಯಲ್ಲಿ ಕರಣೆ ಇತ್ತು. ಈಗ ಉಳಿ ಇತ್ತು.

"ಸುತ್ತಿಗೆ ಕೊಡಿ" ಎಂದೆ.

ಯಾರೂ ಕೊಡಲಿಲ್ಲ. ನಾನೇ ಇಳಿದು ತೆಗೆದುಕೊಂಡೆ.

ಎರಡೇ ಏಟಿಗೆ ಒಂದು ಬಿಲ್ಲೆ ಸಲೀಸಾಗಿ ಕಳಚಿ ಕೈಗೆ ಬಂತು, ಕಾದ ಹೆಂಚಿನಿಂದ ದೋಸೆ ಎದ್ದ ಹಾಗೆ. ತಿರುಗಿಸಿ ನೋಡಿದೆ. ಹಿಂಬದಿ ನುಣ್ಣಗೆ ಹೊಳೆಯುತ್ತಿತ್ತು, ಬೆರಳು ಜಾರುತ್ತಿತ್ತು. ಮೂಗಿಗೆ ಹಿಡಿದೆ. ಹರಳೆಣ್ಣೆ.

ನನ್ನಾಕೆಯ ಮುಖ ನೋಡಿದೆ. ಅವಳು ಸೆರಗನ್ನು ಬಾಯಿಗೆ ಇಟ್ಟುಕೊಂಡಿದ್ದಳು.

"ನೀವು ಕರೋಲ್ ಬಾಗ್‌ಗೆ ಹೋಗಿದ್ರಲ್ಲ, ಅವತ್ತು" ಎಂದಳು. "ತೊಟ್ಟಿಲ ಕೊಕ್ಕೆ ಕಿರುಗುಟ್ಟಬಾರದು ಅಂತ ನಮ್ಮಮ್ಮ ಯಾವಾಗಲೂ ಹರಳೆಣ್ಣೆ ಹಚ್ಚಿಸೋರು. ಕಿರುಗುಟ್ಟಿದ್ರೆ ಮಗು ಬೆಚ್ಚುತ್ತೆ ಅಂತ. ಹತ್ತಲಿಲ್ಲ ರೀ, ಆಣೆ. ಮಾಪ್ ಕೋಲಿಗೆ ಬಟ್ಟೆ ಕಟ್ಟಿ ಅದ್ದಿ ಕೆಳಗಿಂದಲೇ ಹಚ್ಚಿದೆ. ಸುತ್ತ ಒಂಚೂರು ತಗುಲಿತು."

"ಹೇಳೋದಲ್ವಾ?"

"ಹೇಳಿದ್ರೆ ಬೈತಿದ್ರಿ."

ಬೈಯಲು ಬಾಯಿ ತೆರೆದೆ. ಆರನೆಯ ದಿನ ಆ ಮಬ್ಬು ಜಾಗ ನಾನು ಕಂಡಿದ್ದೆ. ಅವಳಿಗೆ ಎಣ್ಣೆಯ ಮೇಲೆ ಪುಟ್ಟಿ ಹಿಡಿಯದೆಂದು ಗೊತ್ತಿರಲಿಲ್ಲ. ನನಗೆ ಎಲ್ಲ ಗೊತ್ತಿತ್ತು, ಕಣ್ಣಿಗೂ ಬಿದ್ದಿತ್ತು, ಆದರೂ ಅದರ ಮೇಲೆ ಮೆತ್ತಿದೆ. ಈ ಸಲ ಮಿಸ್ತ್ರಿಯೂ ಇರಲಿಲ್ಲ. ಲೀಪ್ ದೋ ಎಂದವನು ನಾನೇ.

ಅಳಿಯ ಆಫೀಸಿನ ಫೋನ್ ಬಂದು ಹೊರಗೆ ಹೋದ. ನಾನು ಬಿಲ್ಲೆಯನ್ನು ಮಡಿಲಲ್ಲಿಟ್ಟುಕೊಂಡು ಘೋಡಿಯ ಮೇಲೆಯೇ ಕೂತು ನನ್ನಾಕೆಗೆ ಆ ಕ್ವಾರ್ಟರ್ಸ್ ಮನೆಯ ಕತೆ ಹೇಳಿದೆ. ಅವಲಕ್ಕಿಯಿಂದ ಸಿಮೆಂಟ್ ಚೀಲದವರೆಗೆ ಎಲ್ಲ ಹೇಳಿದೆ. ಅವಳು ನೆಲದ ಮೇಲೆ ಪುಟ್ಟಿಯ ಬಕೆಟ್ ಪಕ್ಕ ಕೂತು ಕೇಳಿದಳು.

"ಕೇಳಲೇ ಇಲ್ವಾ ನೀವು? ಮಗು ಇತ್ತಾ, ಇರಲಿಲ್ವಾ ಅಂತ?"

"ಕೇಳಲಿಲ್ಲ."

ಬಕೆಟ್ಟಿನ ಅಂಚಿಗೆ ಒಣಗಿದ್ದ ಪುಟ್ಟಿಯನ್ನು ಉಗುರಿನಿಂದ ಕೆರೆದಳು. ಆಮೇಲೆ ಹೇಳಿದಳು, "ಮದುವೆಯಾದಾಗಿಂದ ನನ್ನ ಪಕ್ಕ ಮಲಗಿ ಮೇಲೆ ನೋಡ್ತಾ ಇರ್ತಿದ್ರಿ. ನಾನು ನಿಮಗೆ ಊರಿನ ಚಿಂತೆ ಅಂದ್ಕೊಂಡಿದ್ದೆ."

ನನ್ನನ್ನು ಸಮಾಧಾನ ಮಾಡಲಿಲ್ಲ. ಮಗು ಇದ್ದಿರಲಾರದು ಬಿಡಿ ಎನ್ನಲಿಲ್ಲ. ಅದಕ್ಕೆ ನಾನು ಅವಳಿಗೆ ಋಣಿ. ಎದ್ದು ಹೋಗಿ ಸೋಡಾಪುಡಿ, ಬಿಸಿನೀರು, ತೆಂಗಿನ ನಾರು ತಂದಳು. "ಉಳಿದದ್ದನ್ನೂ ಒಡೀರಿ. ನಾನು ಬಕೆಟ್ ಹಿಡೀತೀನಿ."

ಟಣ್ ಎನ್ನುವವರೆಗೆ ಒಡೆಯುತ್ತ ಹೋದೆ. ಕೊಕ್ಕೆಯ ಸುತ್ತ ಒಂದು ಮೊರದಗಲ ಆಯಿತು. ಅಷ್ಟಕ್ಕೇ ನಿಂತಿತು, ಆ ಕ್ವಾರ್ಟರ್ಸ್ ಮನೆಯ ಅದೇ ಅಳತೆ. ಸೋಡಾ ನೀರಿನಿಂದ ಮೂರು ಸಲ ತಿಕ್ಕಿದೆವು. ಎಣ್ಣೆ ಕಾಂಕ್ರೀಟಿನ ಒಳಗೆ ಇಳಿದಿತ್ತು, ಒಂದು ದಿನದಲ್ಲಿ ಬಿಡುವಂಥದಲ್ಲ. ಮತ್ತೆ ಪ್ರೈಮರ್, ಪುಟ್ಟಿ, ಚಿತ್ತಾರ ಎಂದರೆ ಇನ್ನೂ ಐದಾರು ದಿನ. ಬಣ್ಣ ಬಳಿದು ಮುಚ್ಚೋಣವೇ ಎಂದು ಅಳಿಯ ಕೇಳಿದ. ಬೇಡವೆಂದೆ. ಚಿತ್ತಾರದ ಒಳ ಅಂಚನ್ನು ಪಟ್ಟಿಯಿಂದ ಓರೆಯಾಗಿ ಕೆತ್ತಿ, ಎಲ್ಲೂ ತುಟಿ ಎತ್ತದ ಹಾಗೆ ಬಂದೋಬಸ್ತು ಮಾಡಿದೆ. ನಡುವೆ ಬರಿಯ ಬೂದು ಕಾಂಕ್ರೀಟು ಬಿಟ್ಟೆ. ಹನ್ನೊಂದನೆಯ ದಿನ ಪೂರ್ತಿ ಉಳಿದ ಛಾವಣಿಯನ್ನು ಅಂಗೈಯಗಲವೂ ಬಿಡದೆ ತಟ್ಟಿದೆ. ನನ್ನಾಕೆಯೂ ಕೆಳಗೆ ನಿಂತು ಕೇಳಿಸಿಕೊಂಡಳು. ಸಂಜೆಯ ಹೊತ್ತಿಗೆ ಅವಳಿಗೂ ಎರಡು ಶಬ್ದದ ಭೇದ ತಿಳಿಯುತ್ತಿತ್ತು.

ಹನ್ನೆರಡನೆಯ ದಿನ ಮಗಳು ಮಗುವನ್ನು ಎತ್ತಿಕೊಂಡು ಹೊಸಿಲು ದಾಟಿದಳು. ನನ್ನಾಕೆ ಆರತಿ ಎತ್ತಿದಳು. ಕೋಣೆಗೆ ಬಂದವಳೇ ಮಗಳು ಮೇಲೆ ನೋಡಿದಳು.

"ಎಷ್ಟ್ ಚೆನ್ನಾಗಿದೆ ಅಪ್ಪ. ಆದ್ರೆ ನಡುವೆ ಯಾಕೆ ಹಾಗೆ? ಫೋಟೋದಲ್ಲಿ ಇರಲಿಲ್ಲ."

"ಡಿಸೈನ್ ಅದು" ಎಂದ ಅಳಿಯ, ನನ್ನನ್ನು ಕಾಪಾಡಲು. "ಬಾದಲ್ ನಡುವೆ ಚಾಂದ್, ಮೋಡದಲ್ಲಿ ಚಂದ್ರ."

ಮಗಳು ಅವನ ಮಾತು ನಂಬಲಿಲ್ಲ. ಮಗುವಿನ ತಲೆಯನ್ನು ಕೈಯಿಂದ ಮುಚ್ಚಿ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. "ಗಟ್ಟಿ ಇದೆಯಾ ಅಪ್ಪ?"

ಅದೇ ಮಾತು, ಅದೇ ದನಿ. ನನ್ನಾಕೆ ಆರತಿ ತಟ್ಟೆ ಹಿಡಿದು ನಿಂತೇ ಇದ್ದಳು.

"ಸುತ್ತ ಇರೋದು ಗಟ್ಟಿ ಇದೆ ಕಣಮ್ಮ, ಬಡಿದು ನೋಡಿದ್ದೀನಿ" ಎಂದೆ. "ನಡುವೆ ಗಟ್ಟಿ ಇರಲಿಲ್ಲ. ನಾನು ಸರಿಯಾಗಿ ಮಾಡಿರಲಿಲ್ಲ. ಒಡೆದು ತೆಗೆದೆ. ಬೀಳೋಕೆ ಅಲ್ಲಿ ಈಗ ಏನೂ ಇಲ್ಲ."

"ಹಾಗಾದ್ರೆ ಸರಿ" ಎಂದಳು. ಅಷ್ಟೇ. ನಲವತ್ತು ವರ್ಷ ಹೆದರಿದ್ದ ಮಾತಿಗೆ ಬಂದ ಉತ್ತರ ಅಷ್ಟೇ.

ನಾನು ನಿವೃತ್ತನಾಗಿ ನಮ್ಮ ಕ್ವಾರ್ಟರ್ಸ್ ಬಿಟ್ಟು ಬರುವಾಗ ನನ್ನಾಕೆ ಒರಳನ್ನು ಅಲ್ಲೇ ಬಿಟ್ಟು ಗುಂಡನ್ನು ಮಾತ್ರ ತಂದಿದ್ದಳು. ಅದಕ್ಕೆ ಬಟ್ಟೆ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದರು. ಬೀಗಿತ್ತಿ ಒಂದು ಕಡೆ, ನನ್ನಾಕೆ ಒಂದು ಕಡೆ ನಿಂತು ತೂಗಿದರು. ನನ್ನ ಕಣ್ಣು ಕಲ್ಲಿನ ಮೇಲಿತ್ತು. ಐದು ತೂಗು, ಆರು ತೂಗು. ಬಟ್ಟೆಯ ಮೇಲೆ ಒಂದು ಪುಡಿಯೂ ಉದುರಲಿಲ್ಲ. ಕೊಕ್ಕೆ ಕಿರುಗುಟ್ಟಲೂ ಇಲ್ಲ. ನನ್ನಾಕೆ ನನ್ನ ಕಡೆ ಒಂದು ನೋಟ ನೋಡಿದಳು, ಹರಳೆಣ್ಣೆಯ ನೋಟ. ಕಲ್ಲನ್ನು ಎತ್ತಿ ಮಗುವನ್ನು ಮಲಗಿಸಿದರು. ಕಿವಿಯಲ್ಲಿ ಹೆಸರು ಹೇಳಿದರು. ಮಗು ಮೇಲೆ ನೋಡಿತು. ನನ್ನ ಮೋಡಗಳನ್ನು ಬಿಟ್ಟು ಆ ಬೂದು ಜಾಗವನ್ನೇ ನೋಡಿತು. ಈಗಲೂ ಅದನ್ನೇ ನೋಡುತ್ತದೆ, ನೋಡಿ ಕೈಕಾಲು ಬಡಿಯುತ್ತದೆ. ಆಗ ನನಗೆ ಆಗುವ ಸಂತೋಷವನ್ನು ಬರೆಯುವಷ್ಟು ಓದು ನನಗಿಲ್ಲ.

ಈಗ ದಿನಾ ಬೆಳಗ್ಗೆ, ಮಗುವನ್ನು ತೊಟ್ಟಿಲಿಗೆ ಹಾಕುವ ಮೊದಲು, ಮರದ ಸೌಟಿನ ಹಿಡಿಯಿಂದ ಛಾವಣಿ ತಟ್ಟುತ್ತೇನೆ. ಮನೆಯಲ್ಲಿ ಯಾರೂ ನಗುವುದಿಲ್ಲ. ಬೇಸಿಗೆಗೆ ನಡುವಿನ ಜಾಗ ತುಂಬಿಸಿ ಎಂದು ಅಳಿಯ ಹೇಳಿದ. ಮಗಳು ಬೇಡವೆಂದಳು.

ಆ ಹಳೆಯ ಕ್ವಾರ್ಟರ್ಸ್ ಈಗಿಲ್ಲ. ಕೆಡವಿ ಎತ್ತರದ ಕಟ್ಟಡಗಳನ್ನು ಎಬ್ಬಿಸಿದ್ದಾರೆ. ಒಂದು ದಿನ ಹೋಗಿ ರಸ್ತೆಯಲ್ಲಿ ನಿಂತು ಬಂದೆ, ಎರಡನೆಯ ಮಹಡಿ ಎಲ್ಲಿತ್ತೆಂದು ಗಾಳಿಯಲ್ಲಿ ಹುಡುಕಿದೆ. ಮೆಟ್ರೋದಲ್ಲಿ ನಲವತ್ತು ದಾಟಿದವರು ಯಾರಾದರೂ ಕನ್ನಡ ಮಾತಾಡಿದರೆ ಅವರ ಹಣೆ ನೋಡುತ್ತೇನೆ, ಹಳೆಯ ಗಾಯದ ಗುರುತೇನಾದರೂ ಇದೆಯೇ ಎಂದು. ಗುರುತು ಕಂಡರೆ ಸಂತೋಷವಾದೀತು. ಗುರುತಿದ್ದರೆ ಬದುಕಿದ್ದಾರೆ ಎಂದು.

ದೆಹಲಿಯಲ್ಲಿ ಕನ್ನಡ ಓದುವವರು ಕಡಿಮೆ, ಆ ಕೆಲವರಲ್ಲಿ ಆ ತಾಯಿಯೂ ಇದ್ದು ಇದನ್ನು ಓದಲಿ ಎಂದು ನನಗೊಂದು ಆಸೆ. ಮಗುವನ್ನು ತೊಟ್ಟಿಲಿಗೆ ಹಾಕುವ ಹಿಂದಿನ ದಿನ ನಿಮ್ಮ ಮನೆಯ ಛಾವಣಿ ಮೆತ್ತಿ, ನಿಮ್ಮ ಅತ್ತೆ ಕೊಟ್ಟ ಅವಲಕ್ಕಿ ತಿಂದು ಹೋದ ಕೆಲಸದವನು ನೆನಪಿದ್ದರೆ, ಅವನು ನಾನೇ. ನೀವು ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದಿರಿ.

ಗಟ್ಟಿ ಇರಲಿಲ್ಲ ತಾಯಿ.